ಡಿಕ್ಕಿಯಲ್ಲಿ ಫ್ರಿಜ್: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಅಣ್ಣ: ಮೇಲೆ ಹಾಕಿರುವ ಚಿತ್ರವನ್ನು ಎಲ್ಲರೂ ನೋಡಿ. ನಾವೆಲ್ಲ ಸರದಿಯಲ್ಲಿ ಬಳಸುವ ಹೈಬ್ರಿಡ್ ಕಾರಿನ ಡಿಕ್ಕಿಯಲ್ಲಿ 40 ಲೀಟರಿನ ಕಂಪ್ರೆಸರ್ ಫ್ರಿಜ್ಜನ್ನು, ಹೊರಗೆ ಎಳೆದುಕೊಳ್ಳಬಹುದಾದ ಸ್ಲೈಡಿನ ಮೇಲೆ ಕೂರಿಸಬೇಕೆಂದಿದ್ದೇನೆ. ನೆಲಕ್ಕೆ ನಾಲ್ಕು ತೂತು ಕೊರೆದು ಬೋಲ್ಟ್ ಬಿಗಿದು, ವೈರನ್ನು ಕಾರಿನ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಕೆಲಸ ಮುಗಿಯಿತು. ಭಾನುವಾರ ಅರ್ಧ ದಿನ ಸಾಕು.

ಅಕ್ಕ: ನನ್ನ ಒಪ್ಪಿಗೆ ಇದೆ. ಅಮ್ಮನ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯೊಳಗೆ ಇಟ್ಟುಕೊಂಡು ದೂರ ಹೋಗುವುದು ಐಸ್ ಪೆಟ್ಟಿಗೆಯಿಂದ ಆಗುವ ಕೆಲಸವಲ್ಲ ಎಂಬುದು ಪ್ರತಿ ಪ್ರಯಾಣದಲ್ಲೂ ಗೊತ್ತಾಗುತ್ತಿದೆ. ಹೆಪ್ಪುಗಟ್ಟಿದರೂ ಅದು ಕೆಡುತ್ತದೆ.

ನಾನು: ಅಣ್ಣ, ಫ್ರಿಜ್ ಬೇಡ ಎನ್ನುವವನು ನಾನಲ್ಲ. ಆದರೆ ತೂತು ಕೊರೆಯುವುದಕ್ಕೂ, ಕಾರಿನ ಬ್ಯಾಟರಿಗೆ ನೇರವಾಗಿ ಜೋಡಿಸುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಹೈಬ್ರಿಡ್ ಕಾರಿನ ಹಿಂಭಾಗದ ನೆಲದ ಕೆಳಗೆ ಏನಿದೆ ಎಂಬುದು ಮ್ಯಾಟ್ ಎತ್ತಿ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಕಾರನ್ನು ಓಡಿಸುವ ಮೋಟಾರಿಗೆ ಶಕ್ತಿ ಕೊಡುವ, ಹೆಚ್ಚು ವೋಲ್ಟೇಜಿನ ದೊಡ್ಡ ಬ್ಯಾಟರಿ ಕೆಲವು ಕಾರುಗಳಲ್ಲಿ ಹಿಂದಿನ ಸೀಟಿನ ಅಡಿಯಲ್ಲಿರುತ್ತದೆ, ಕೆಲವುಗಳಲ್ಲಿ ಡಿಕ್ಕಿಯ ನೆಲದ ಅಡಿಯಲ್ಲೇ ಇರುತ್ತದೆ. ಅಲ್ಲಿಂದ ಎಂಜಿನ್ ಕಡೆಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹೋಗುತ್ತದೆ, ಪೆಟ್ರೋಲ್ ಟ್ಯಾಂಕೂ ಅದೇ ಆಸುಪಾಸಿನಲ್ಲಿರುತ್ತದೆ. ಡ್ರಿಲ್ಲಿನ ಮೊನೆ ತಗಡನ್ನು ದಾಟಿದ ಮೇಲೆ ಎಲ್ಲಿ ನಿಲ್ಲುತ್ತದೆ ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ.

ಅಣ್ಣ: ಹಾಗಾದರೆ ಬರಿಯ ಬೆಲ್ಟಿನಿಂದ ಕಟ್ಟಿಬಿಡೋಣ.

ಭಾವ: ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಫ್ರಿಜ್, ಅದರೊಳಗಿನ ಸಾಮಾನು, ಸ್ಲೈಡ್ ಎಲ್ಲ ಸೇರಿ 50 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ, ಆ ಕ್ಷಣದ ಬಲ ತೂಕದ ಸುಮಾರು 20 ಪಟ್ಟು ಆಗುತ್ತದೆ. ಅಂದರೆ ಹಿಂದಿನ ಸೀಟಿನಲ್ಲಿ ಕುಳಿತವರ ಬೆನ್ನಿನತ್ತ 1 ಟನ್ ಭಾರ ನುಗ್ಗಿದಂತೆ. ಅಲ್ಲಿ ಕೂರುವವರು ಮಕ್ಕಳು. ಇನ್ನು ಸ್ಲೈಡನ್ನು ಪೂರ್ತಿ ಹೊರಗೆ ಎಳೆದಾಗ 40 ಕಿಲೋ ಭಾರ ಹಿಂದಿನ ಬೋಲ್ಟಿನಿಂದ 40 ಸೆಂಟಿಮೀಟರ್ ಆಚೆ ನೇತಾಡುತ್ತದೆ. ಮುಂದಿನ ಬೋಲ್ಟ್ 60 ಸೆಂಟಿಮೀಟರ್ ಈಚೆಗಿದ್ದರೆ ಅದನ್ನು ಸುಮಾರು 27 ಕಿಲೋ ಭಾರದಷ್ಟು ಮೇಲಕ್ಕೆ ಎಳೆದಂತಾಗುತ್ತದೆ, ಯಾರಾದರೂ ಅದರ ಮೇಲೆ ಒರಗಿದರೆ ಇನ್ನೂ ಹೆಚ್ಚು. ಸಾಮಾನು ಕಟ್ಟುವ ಬೆಲ್ಟ್ ಸಡಿಲವಾಗುವುದು ಇಂಥ ಎಳೆತದಲ್ಲೇ.

ನಾನು: ಭಾವ ಹೇಳಿದ್ದೇ ಸರಿ. ಕಾರಿನ ತಯಾರಕರೇ ನೆಲದ ಗಟ್ಟಿ ಚೌಕಟ್ಟಿಗೆ ಕೂರಿಸಿರುವ ಸರಕು ಕಟ್ಟುವ ಕೊಂಡಿಗಳ ಬೋಲ್ಟುಗಳನ್ನೇ ಬಳಸೋಣ. ಅವುಗಳನ್ನು ಬಿಚ್ಚಿ, ಅದೇ ಅಳತೆಯ, ಅದೇ ದರ್ಜೆಯ, ಸ್ವಲ್ಪ ಉದ್ದದ ಬೋಲ್ಟುಗಳಿಂದ 18 ಮಿಲಿಮೀಟರ್ ಪ್ಲೈವುಡ್ ಹಲಗೆಯೊಂದನ್ನು ಬಿಗಿದು, ಸ್ಲೈಡನ್ನು ಆ ಹಲಗೆಗೆ ಅಗಲವಾದ ವಾಷರ್ ಹಾಕಿ ಕೂರಿಸಿದರೆ ಹೊಸದಾಗಿ ಒಂದು ತೂತೂ ಬೇಕಿಲ್ಲ. ಕೊಂಡಿ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಮೊದಲು ಕೈಪಿಡಿಯಲ್ಲಿ ನೋಡಬೇಕು. ಸ್ಲೈಡ್ ಕೊಳ್ಳುವಾಗ ಒಳಗಿದ್ದಾಗಲೂ ಹೊರಗೆಳೆದಾಗಲೂ ಲಾಕ್ ಆಗುವಂಥದ್ದನ್ನೇ ಕೊಳ್ಳಬೇಕು. ಇಳಿಜಾರಿನಲ್ಲಿ ಕಾರು ನಿಂತಾಗ ಅದು ತಾನಾಗಿ ಜಾರಿ ಬೆರಳು ಜಜ್ಜುವುದನ್ನು ನಾನು ನೋಡಿದ್ದೇನೆ.

ಅಣ್ಣ: ಬೋಲ್ಟಿನ ವಿಷಯ ಒಪ್ಪಿದೆ. ಆದರೆ ವಿದ್ಯುತ್ತಿನ ಬಗ್ಗೆ ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತಿಲ್ಲ. ಕಾರನ್ನೇ ಓಡಿಸುವಷ್ಟು ದೊಡ್ಡ ಬ್ಯಾಟರಿ ಒಳಗಿರುವಾಗ ಒಂದು ಫ್ರಿಜ್ ಅದನ್ನು ಖಾಲಿ ಮಾಡೀತೇ?

ನಾನು: ನಾನೂ ಹಾಗೆಯೇ ನಂಬಿ ಕೆಟ್ಟವನು. ಕಳೆದ ವರ್ಷ ಎರವಲು ತಂದ ಫ್ರಿಜ್ಜಿಗೆ ವೈರಿಂಗ್ ಮಾಡಿಕೊಟ್ಟವರು ಅದನ್ನು 12 ವೋಲ್ಟ್ ಬ್ಯಾಟರಿಗೆ ನೇರವಾಗಿ ಜೋಡಿಸಿದ್ದರು. ಎರಡನೆಯ ಬೆಳಿಗ್ಗೆ ಗುಂಡಿ ಒತ್ತಿದರೆ ಕಾರು ಹೊರಡಲು ಸಿದ್ಧ ಎಂದು ತೋರಿಸುವ ರೆಡಿ ದೀಪ ಬೆಳಗಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಬೇಕಾದಷ್ಟು ಚಾರ್ಜ್ ಇತ್ತು. ಆದರೆ ಅದನ್ನು ಕಾರಿಗೆ ಜೋಡಿಸುವ ರಿಲೇಗಳೆಂಬ ಸ್ವಿಚ್ಚುಗಳನ್ನೂ ಕಂಪ್ಯೂಟರುಗಳನ್ನೂ ಎಚ್ಚರಿಸುವುದು ಆ ಚಿಕ್ಕ 12 ವೋಲ್ಟ್ ಬ್ಯಾಟರಿಯೇ. ಎಂಜಿನ್ನನ್ನು ತಿರುಗಿಸುವ ಕೆಲಸ ಅದಕ್ಕಿಲ್ಲವಾದ್ದರಿಂದ ಹೈಬ್ರಿಡ್ ಕಾರುಗಳಲ್ಲಿ ಅದನ್ನು ಬಹಳ ಸಲ ಚಿಕ್ಕದಾಗಿಯೇ ಇಟ್ಟಿರುತ್ತಾರೆ. ಲೆಕ್ಕ ಹೀಗಿದೆ: ಕಂಪ್ರೆಸರ್ ಓಡುವಾಗ 45 ವ್ಯಾಟ್ ಎಳೆದು, ಹತ್ತರಲ್ಲಿ ನಾಲ್ಕು ಪಾಲು ಹೊತ್ತು ಮಾತ್ರ ಓಡಿದರೂ ಸರಾಸರಿ 18 ವ್ಯಾಟ್, ದಿನಕ್ಕೆ 430 ವ್ಯಾಟ್ ಅವರ್. 45 ಆಂಪಿಯರ್ ಅವರಿನ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಬಹುದು ಎಂದುಕೊಂಡರೆ ಸಿಗುವುದು 270 ವ್ಯಾಟ್ ಅವರ್. ಹದಿನೈದು ಗಂಟೆಗೆ ಮುಗಿಯಿತು.

ಚಿಕ್ಕಪ್ಪ: ರಾತ್ರಿಯಿಡೀ ಕಾರನ್ನು ರೆಡಿ ಸ್ಥಿತಿಯಲ್ಲೇ ಬಿಟ್ಟರೆ ಆಗುವುದಿಲ್ಲವೇ? ಆಗ ದೊಡ್ಡ ಬ್ಯಾಟರಿ ಚಿಕ್ಕದನ್ನು ತುಂಬಿಸುತ್ತಲೇ ಇರುತ್ತದಲ್ಲವೇ?

ನಾನು: ತುಂಬಿಸುತ್ತದೆ, ಚಿಕ್ಕಪ್ಪ. ಡಿಸಿ-ಡಿಸಿ ಕನ್ವರ್ಟರ್ ಮಾಡುವ ಕೆಲಸವೇ ಅದು. ಆದರೆ ದೊಡ್ಡದು ಇಳಿದಂತೆಲ್ಲ ಎಂಜಿನ್ ತಾನಾಗಿಯೇ ಚಾಲೂ ಆಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಯಾರೋ ಮರೆತು ಹಾಗೆ ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದಯವಿಟ್ಟು ಆ ಅಭ್ಯಾಸ ಬೇಡ.

ಅಕ್ಕ: ಹಾಗಾದರೆ ನೀನು ಹೇಳುವ ದಾರಿ ಯಾವುದು?

ನಾನು: ಫ್ರಿಜ್ಜಿಗೆಂದೇ 50 ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಡೋಣ. ಇದನ್ನು ಅರ್ಧಕ್ಕೆ ನಿಲ್ಲಿಸದೆ ಬಹುತೇಕ ಪೂರ್ತಿ ಬಳಸಬಹುದು; 640 ವ್ಯಾಟ್ ಅವರ್ ಎಂದರೆ ಸುಮಾರು ಒಂದೂವರೆ ದಿನ. ಕಾರು ರೆಡಿ ಸ್ಥಿತಿಯಲ್ಲಿದ್ದಾಗ ಮಾತ್ರ ಅದು ಚಾರ್ಜರಿನ ಮೂಲಕ ತುಂಬಿಕೊಳ್ಳಲಿ, ಕಾರು ಆಫ್ ಆದೊಡನೆ ಸಂಪರ್ಕ ಕಡಿಯಲಿ. ಪಾಸಿಟಿವ್ ವೈರಿನಲ್ಲಿ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ನೆಗೆಟಿವ್ ವೈರನ್ನು ಬ್ಯಾಟರಿಯ ತುದಿಗಲ್ಲ, ಕಾರಿನ ಕವಚದ ಅರ್ತಿಂಗ್ ಬೋಲ್ಟಿಗೆ ಜೋಡಿಸಬೇಕು; ಬಹಳಷ್ಟು ಕಾರುಗಳಲ್ಲಿ ಆ ತುದಿಯಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಇರುತ್ತದೆ, ಅದನ್ನು ತಪ್ಪಿಸಿ ಎಳೆದ ಕರೆಂಟ್ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ವೈರು ಸಣ್ಣದಾದರೆ ಹೋಗಿಬರುವ 8 ಮೀಟರಿನಲ್ಲಿ 5 ಆಂಪಿಯರಿಗೇ ಅರ್ಧ ವೋಲ್ಟ್ ಕಳೆದುಹೋಗಿ, ಬ್ಯಾಟರಿ ಚೆನ್ನಾಗಿದ್ದರೂ ಫ್ರಿಜ್ ತಾನೇ ನಿಂತುಬಿಡುತ್ತದೆ. 6 ಚದರ ಮಿಲಿಮೀಟರಿನ ವೈರು ಹಾಕೋಣ.

ಅಣ್ಣ: ಖರ್ಚೂ ಹೆಚ್ಚಾಯಿತು, ಜಾಗವೂ ಹೋಯಿತು. ಅಕ್ಕನಿಗೆ ಬೇಕಾಗಿರುವುದು ಇನ್ಸುಲಿನ್ ಇಡಲು ಒಂದು ಅಂಗೈಯಷ್ಟು ಜಾಗ. 20 ಲೀಟರಿನದು ಸಾಲದೇ ಎಂದು ಈಗ ನನಗೇ ಅನ್ನಿಸುತ್ತಿದೆ.

ಅಕ್ಕ: ನನಗೆ ಸಾಕು. ಊಟದ ಸಾಮಾನಿಗೆ ನಿನಗೆ ಸಾಲುವುದಿಲ್ಲ ಎಂದು ಮೊದಲ ಪ್ರವಾಸದಲ್ಲೇ ನೀನೇ ಹೇಳುತ್ತೀಯ. 40 ಲೀಟರಿನದೇ ಇರಲಿ.

ಭಾವ: ಹಿಂದಿನ ಸೀಟಿನ ಪಕ್ಕದಲ್ಲಿ ಗಾಳಿ ಒಳಸೆಳೆಯುವ ಕಿಂಡಿಯೊಂದಿದೆ ಎಂದು ಕೈಪಿಡಿಯಲ್ಲಿ ಓದಿದ ನೆನಪು. ಅದು ಏಕಿದೆ?

ನಾನು: ಅದು ದೊಡ್ಡ ಬ್ಯಾಟರಿಯನ್ನು ತಂಪಾಗಿಡುವ ಗಾಳಿಯ ದಾರಿ. ಹಲಗೆಯಾಗಲಿ, ಫ್ರಿಜ್ಜಿನ ಮೇಲೆ ಹೊದಿಸುವ ಬಟ್ಟೆಯಾಗಲಿ ಅದನ್ನು ಮುಚ್ಚಬಾರದು. ಕಂಪ್ರೆಸರಿನ ಬಿಸಿಗಾಳಿ ಹೊರಬರುವ ಬದಿಯನ್ನೂ ಅದರ ಕಡೆಗೆ ತಿರುಗಿಸಬಾರದು.

ಅಣ್ಣ: ಈಗಷ್ಟೇ ಟೇಪ್ ಹಿಡಿದು ನೋಡಿ ಬಂದೆ. ಕಿಂಡಿ ಎಡಬದಿಯಲ್ಲಿದೆ. ಸ್ಲೈಡನ್ನು ಬಲಕ್ಕೆ ಸರಿಸಿದರೆ ಅದಕ್ಕೂ ಫ್ರಿಜ್ಜಿಗೂ ನಡುವೆ 22 ಸೆಂಟಿಮೀಟರ್ ಉಳಿಯುತ್ತದೆ, ಆದರೆ ಬಲಬದಿಯ ಮುಂದಿನ ಕೊಂಡಿ ಹಲಗೆಯ ಅಂಚಿಗೆ ತೀರ ಹತ್ತಿರ ಬರುತ್ತದೆ. ಪ್ಲೈವುಡ್ ಕತ್ತರಿಸುವ ಮುನ್ನ ರಟ್ಟಿನಲ್ಲಿ ಅದೇ ಅಳತೆಯ ಅಚ್ಚು ಮಾಡಿ ಡಿಕ್ಕಿಯಲ್ಲಿ ಹಾಸಿ ಚಿತ್ರ ಕಳಿಸುತ್ತೇನೆ. ಡ್ರಿಲ್ಲನ್ನು ಪಕ್ಕದ ಮನೆಗೆ ಹಿಂದಿರುಗಿಸಿದ್ದೇನೆ.