ಪಿಯುಸಿಯಲ್ಲಿ ಮನಃಶಾಸ್ತ್ರ: ಮಗಳ ಆಯ್ಕೆಗೆ ಒಪ್ಪಬಹುದೇ?

ಪ್ರಶ್ನೆ (ಹಾಸನ ಜಿಲ್ಲೆಯ ಪೋಷಕ)

ನನ್ನ ಮಗಳು ಈ ಬಾರಿ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾಳೆ. ವಿಜ್ಞಾನಕ್ಕೆ ಸೇರಿಸಬೇಕೆಂದು ನಾವು ಅಂದುಕೊಂಡಿರುವಾಗ, ಅವಳು ಕಲಾ ವಿಭಾಗಕ್ಕೆ ಸೇರಿ ಮನಃಶಾಸ್ತ್ರವನ್ನು ಒಂದು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುತ್ತೇನೆಂದು ಹಟ ಹಿಡಿದಿದ್ದಾಳೆ. ಮುಂದೆ ‘ಮನೋವೈದ್ಯೆ’ ಆಗಬೇಕೆಂಬುದು ಅವಳ ಆಸೆ. ಈ ವಿಷಯದಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ, ಕನ್ನಡದಲ್ಲಿ ಓದಿ ಬರೆಯಬಹುದೇ, ಮತ್ತು ಅವಳ ಗುರಿಗೆ ಇದು ಸರಿಯಾದ ದಾರಿಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ)

ಎರಡು ಭಾಷೆಗಳ ಜೊತೆಗೆ ಓದುವ ನಾಲ್ಕು ಐಚ್ಛಿಕ ವಿಷಯಗಳಲ್ಲಿ ಮನಃಶಾಸ್ತ್ರವೂ ಒಂದು. ಕಲಾ ವಿಭಾಗದ ವಿಷಯವಾದರೂ ಇದಕ್ಕೆ ಪ್ರಯೋಗಾಲಯವಿದೆ: ಲಿಖಿತ ಪರೀಕ್ಷೆಗೆ 70 ಅಂಕಗಳು, ಪ್ರಾಯೋಗಿಕ ಪರೀಕ್ಷೆಗೆ 30. ಕನ್ನಡದಲ್ಲಿಯೂ ಉತ್ತರ ಬರೆಯಬಹುದು.

ಇನ್ನೊಬ್ಬರ ಮನಸ್ಸನ್ನು ಓದುವ ವಿದ್ಯೆ ಇದೆಂದುಕೊಂಡು ತರಗತಿಗೆ ಬರುವ ಮಕ್ಕಳು ಪ್ರತಿವರ್ಷವೂ ಇರುತ್ತಾರೆ. ನರಕೋಶದ ಚಿತ್ರ ಬರೆಯುವ ಹೊತ್ತಿಗೆ ಅವರ ಉತ್ಸಾಹ ತುಸು ಇಳಿಯುತ್ತದೆ. ಕಲಿಕೆ, ಸ್ಮೃತಿ, ಮರೆವು, ಬುದ್ಧಿಶಕ್ತಿ, ವ್ಯಕ್ತಿತ್ವ, ಒತ್ತಡ ಮುಂತಾದವುಗಳನ್ನು ಅಳೆದು ನೋಡುವುದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಕೆಲಸ. ಒಂದು ಉದಾಹರಣೆ ಕೊಡುತ್ತೇನೆ. ಸಮ ಉದ್ದದ ಎರಡು ಗೆರೆಗಳ ತುದಿಗೆ ಬಾಣದ ಗುರುತನ್ನು ಒಂದಕ್ಕೆ ಒಳಮುಖವಾಗಿ, ಇನ್ನೊಂದಕ್ಕೆ ಹೊರಮುಖವಾಗಿ ಹಾಕಿದರೆ ಒಂದು ಗೆರೆ ಉದ್ದವಾಗಿ ಕಾಣುತ್ತದೆ. ಇದನ್ನು ಮುಲ್ಲರ್-ಲಯರ್ ಭ್ರಮೆ ಎನ್ನುತ್ತಾರೆ. ಎರಡೂ ಸಮವೆಂದು ತೋರುವವರೆಗೆ ಒಂದು ಗೆರೆಯನ್ನು ಸರಿಸುವಂತೆ ಗೆಳತಿಗೆ ಹೇಳಿ, ಹಲವು ಬಾರಿ ಅಳತೆ ತೆಗೆದು, ಸರಾಸರಿ ದೋಷವನ್ನು ಲೆಕ್ಕ ಹಾಕಬೇಕು. ಗೆರೆಗಳು ಸಮವೆಂದು ಗೊತ್ತಿದ್ದರೂ ಕಣ್ಣು ಮೋಸಹೋಗುತ್ತಲೇ ಇರುವುದನ್ನು ಸ್ವತಃ ಅಳೆದು ಕಂಡ ವಿದ್ಯಾರ್ಥಿನಿಗೆ ಗ್ರಹಿಕೆ ಎಂಬ ಅಧ್ಯಾಯವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಈ ಶಾಸ್ತ್ರ ನಮ್ಮ ನಾಡಿಗೆ ಹೊಸತೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದ ಡಾ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದವರು.

ಉತ್ತರ 2 (ಕ್ಲಿನಿಕಲ್ ಸೈಕಾಲಜಿಸ್ಟ್, ಬೆಂಗಳೂರು)

ಪ್ರಶ್ನೆಯಲ್ಲಿರುವ ‘ಮನೋವೈದ್ಯೆ’ ಎಂಬ ಒಂದು ಪದದ ಮೇಲೆಯೇ ಉಳಿದೆಲ್ಲವೂ ನಿಂತಿದೆ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಮೊದಲು ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿದ ವೈದ್ಯರು, ಔಷಧಿ ಬರೆದುಕೊಡುವವರು ಅವರು. ಆ ದಾರಿಗೆ ನೀಟ್ ಪರೀಕ್ಷೆ ಬೇಕು, ನೀಟ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಬೇಕು. ಅವಳ ಮನಸ್ಸಿನಲ್ಲಿರುವುದು ಇದೇ ಆದರೆ, ಕಲಾ ವಿಭಾಗಕ್ಕೆ ಸೇರಿದ ದಿನವೇ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ.

ನನ್ನಂಥವರು ವೈದ್ಯರಲ್ಲ, ಮನೋವೈಜ್ಞಾನಿಕ ಪರೀಕ್ಷೆಗಳನ್ನೂ ಮಾತಿನ ಮೂಲಕ ನಡೆಯುವ ಚಿಕಿತ್ಸೆಯನ್ನೂ ಮಾಡುವವರು. ಮನಃಶಾಸ್ತ್ರದ ಪದವಿ, ಸ್ನಾತಕೋತ್ತರ ಪದವಿ, ಅದರ ಮೇಲೆ ಆಸ್ಪತ್ರೆಯಲ್ಲಿ ಎರಡು ವರ್ಷದ ಎಂ.ಫಿಲ್. ತರಬೇತಿ ಮತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಎಂಬುದು ಇದುವರೆಗಿನ ಕ್ರಮವಾಗಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟು, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025–26ರವರೆಗೆ ಮಾನ್ಯತೆಯನ್ನು ವಿಸ್ತರಿಸಿತ್ತು. ಹಾಗಾಗಿ ತಮ್ಮ ಮಗಳು ಅಲ್ಲಿಗೆ ತಲುಪುವಾಗ ಪದವಿಯ ಹೆಸರೂ ಕ್ರಮವೂ ಬೇರೆಯಾಗಿರುತ್ತವೆ. ಪಿಯುಸಿ ಮುಗಿದ ಮೇಲೆ ಇನ್ನೂ ಹಲವು ವರ್ಷಗಳ ಓದು ಇದೆ ಎಂಬುದು ಮಾತ್ರ ಬದಲಾಗುವುದಿಲ್ಲ.

ಪಿಯುಸಿಯಲ್ಲಿ ಮನಃಶಾಸ್ತ್ರ ಓದದವರೂ ಪದವಿಯಲ್ಲಿ ಅದನ್ನು ಆರಿಸಿಕೊಳ್ಳುತ್ತಾರೆ. ನಾನು ಪಿಯುಸಿಯಲ್ಲಿ ವಿಜ್ಞಾನ (ಪಿಸಿಎಂಬಿ) ಓದಿದವಳು. ಪಿಯುಸಿಯಲ್ಲಿ ಓದಿ ಬಂದಿದ್ದ ಸಹಪಾಠಿಗಳು ಮೊದಲ ಸೆಮಿಸ್ಟರಿನಲ್ಲಿ ನನಗಿಂತ ಮುಂದಿದ್ದರು, ಅಷ್ಟೇ.

ಉತ್ತರ 3 (ಪ್ರೌಢಶಾಲಾ ಶಿಕ್ಷಕ, ಧಾರವಾಡ ಜಿಲ್ಲೆ)

ನಾನು ಪಿಯುಸಿಯಲ್ಲಿ ಮನಃಶಾಸ್ತ್ರವನ್ನು ಕನ್ನಡದಲ್ಲಿ ಓದಿದವನು. ಉಪನ್ಯಾಸಕಿಯವರು ಹೇಳಿದಂತಹ ಪ್ರಯೋಗಾಲಯ ಎಲ್ಲ ಕಡೆಯೂ ಸಿಗುವುದಿಲ್ಲ ಎಂಬುದನ್ನು ಹೇಳಲೇಬೇಕು. ನಮ್ಮ ಕಾಲೇಜಿನಲ್ಲಿ ಉಪಕರಣಗಳು ಬೀರುವಿನೊಳಗೇ ಇರುತ್ತಿದ್ದವು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ನಕಲು ಮಾಡಿ, ಯಾರ ಮೇಲೂ ನಡೆಸದ ಪ್ರಯೋಗದ ಫಲಿತಾಂಶವನ್ನು ನಾವು ಅಂದವಾಗಿ ಬರೆಯುತ್ತಿದ್ದೆವು. ಪ್ರವೇಶಕ್ಕೆ ಮೊದಲು ಕಾಲೇಜಿಗೆ ಹೋಗಿ, ಈ ವಿಷಯಕ್ಕೆ ಕಾಯಂ ಉಪನ್ಯಾಸಕರು ಇದ್ದಾರೆಯೇ, ಪ್ರಯೋಗದ ತರಗತಿ ವಾರಕ್ಕೆ ಎಷ್ಟು ಬಾರಿ ನಡೆಯುತ್ತದೆ ಎಂದು ವಿಚಾರಿಸಿರಿ. ಮನಃಶಾಸ್ತ್ರವಿರುವ ಕಾಲೇಜುಗಳು ಕಡಿಮೆಯಾದ್ದರಿಂದ ಹಾಸ್ಟೆಲ್ಲಿನ ಮಾತೂ ಬರಬಹುದು.

ಭಾಷೆಯ ತೊಡಕೊಂದಿದೆ. ‘ಅಭಿಜಾತ ಅನುಬಂಧನ’ (ಕ್ಲಾಸಿಕಲ್ ಕಂಡೀಷನಿಂಗ್), ‘ಪುನರ್ಬಲನ’ (ರೀಇನ್‌ಫೋರ್ಸ್‌ಮೆಂಟ್) ಎಂದು ಕಷ್ಟಪಟ್ಟು ಕಲಿತದ್ದನ್ನು ಪದವಿಯಲ್ಲಿ ಇಂಗ್ಲಿಷಿನಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಎರಡೂ ಪದಗಳನ್ನು ಒಂದೇ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದಿಡುವ ಬುದ್ಧಿ ಆಗ ನನಗಿರಲಿಲ್ಲ. ಹಾಗೆಂದು ಓದು ವ್ಯರ್ಥವಾಗಲಿಲ್ಲ: ಬಿ.ಎಡ್. ಸೇರಿದಾಗ ಶೈಕ್ಷಣಿಕ ಮನೋವಿಜ್ಞಾನ ಹೊಸದೆನಿಸಲಿಲ್ಲ, ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ (ಟಿಇಟಿ) ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕಿರುವ 30 ಅಂಕಗಳಿಗೆ ನಾನು ಬೇರೆಯಾಗಿ ಓದಲೂ ಇಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಧನ್ಯವಾದಗಳು. ಎರಡನೆಯ ಉತ್ತರವನ್ನು ಮಗಳಿಗೇ ಓದಿಸಿದೆ. ಔಷಧಿ ಕೊಡುವ ಕೆಲಸವಲ್ಲ, ಎದುರು ಕುಳಿತು ಮಾತನಾಡಿಸುವ ಕೆಲಸವೇ ತನಗೆ ಬೇಕೆಂದು ಹೇಳಿದಳು. ಹಾಗಿದ್ದರೆ ವಿಜ್ಞಾನ ಓದಿಯೂ ಅಲ್ಲಿಗೆ ಹೋಗಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, ‘ಹೋಗಬಹುದು ಅಪ್ಪ, ಆದರೆ ಎರಡು ವರ್ಷ ಭೌತಶಾಸ್ತ್ರ ಓದಬೇಕಲ್ಲ’ ಎಂದಳು. ಸೋಮವಾರ ಹಾಸನದ ಎರಡು ಕಾಲೇಜುಗಳಿಗೆ ಹೋಗಿ, ಬೀರು ತೆರೆದಿದೆಯೇ ಎಂದು ನೋಡಿ ಬರುತ್ತೇವೆ.