ಬಗ್ಗಿಗೆ ಪೂರ್ತಿ ಸ್ಟೀಲ್ ಗೇರ್ ಹಾಕಿಸಬೇಕಾ?

ಪ್ರಶ್ನೆ (ಗೋಣಿಕೊಪ್ಪಲಿನಿಂದ):
ಅಣ್ಣಾ, ನನ್ನದು 1:10 ಅಳತೆಯ ಫೋರ್‌ವೀಲ್ ಡ್ರೈವ್ ರಿಮೋಟ್ ಬಗ್ಗಿ. 3300 ಕೆವಿ ಬ್ರಷ್‌ಲೆಸ್ ಮೋಟರ್, 17 ಹಲ್ಲಿನ ಪಿನಿಯನ್ (ಮೋಟರ್ ಶಾಫ್ಟಿನ ಚಿಕ್ಕ ಗೇರ್). 2 ಸೆಲ್ ಲಿಪೋ ಬ್ಯಾಟರಿ ಇದ್ದಾಗ ಏನೂ ತೊಂದರೆ ಇರಲಿಲ್ಲ. 3 ಸೆಲ್ ಹಾಕಿದ ಮೇಲೆ ಪಿನಿಯನ್ ತಿರುಗಿಸುವ ದೊಡ್ಡ ಪ್ಲಾಸ್ಟಿಕ್ ಸ್ಪರ್ ಗೇರಿನ ಹಲ್ಲು ಪದೇ ಪದೇ ಹೋಗುತ್ತಿದೆ. ಓಡಿಸುವುದು ಮನೆಯ ಕಾಫಿ ಕಣದಲ್ಲಿ, ಕೊಯ್ಲಾದ ಮೇಲೆ ಗದ್ದೆಯಲ್ಲಿ. ಸ್ಪರ್, ಕ್ರೌನ್ (ಡಿಫರೆನ್ಷಿಯಲ್ ತಿರುಗಿಸುವ ದೊಡ್ಡ ಗೇರ್), ಆಕ್ಸಲ್ ಎಲ್ಲ ಸ್ಟೀಲ್ ಮಾಡಿಸಿಬಿಡಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಮಾಡಿಸಲಾ?

ಉತ್ತರ (ಆರ್‌ಸಿ ಕಾರು ರಿಪೇರಿ ಮಾಡುವವರು):
ಈಗಲೇ ಬೇಡ ತಮ್ಮಾ. ಸ್ಪರ್ ಸ್ಟೀಲ್ ಆದರೆ ಹೊಡೆತ ತಪ್ಪುವುದಿಲ್ಲ, ಮುಂದಿನ ಭಾಗಕ್ಕೆ ದಾಟುತ್ತದೆ. ಅಲ್ಲಿರುವುದು ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫ್. ಸ್ಪರ್ ಬದಲಿಸಲು ನಾಲ್ಕು ಸ್ಕ್ರೂ ಬಿಚ್ಚಿದರೆ ಸಾಕು. ಡಿಫ್ ಹೋದರೆ ಗೇರ್‌ಬಾಕ್ಸೇ ಬಿಚ್ಚಬೇಕು. ಗಾಡಿಯಲ್ಲಿ ಯಾವುದೋ ಒಂದು ಮೊದಲು ಮುರಿಯಲೇಬೇಕು. ಅದು ಅಗ್ಗದ್ದೂ ಕೈಗೆ ಸುಲಭವಾಗಿ ಸಿಗುವಂಥದ್ದೂ ಆಗಿರಲಿ.

ಮೊದಲು ಲೆಕ್ಕ ನೋಡಿ. ಕೆವಿ ಎಂದರೆ ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅನ್ನುವುದು. ಫುಲ್ ಚಾರ್ಜಿನ 2 ಸೆಲ್ 8.4 ವೋಲ್ಟ್. 3300ರಿಂದ ಗುಣಿಸಿದರೆ 27,720 ಸುತ್ತು. 3 ಸೆಲ್ಲಿಗೆ 12.6 ವೋಲ್ಟ್, ಅಂದರೆ 41,580. ಒಂದೂವರೆ ಪಟ್ಟು! ಪಿನಿಯನ್ ಮಾತ್ರ ಅದೇ 17. ಅದನ್ನು 13ಕ್ಕೆ ಇಳಿಸಿ. ಆಗಲೂ ಲೆಕ್ಕದಲ್ಲಿ ಹಳೆಯ 2 ಸೆಲ್ಲಿಗಿಂತ ಸುಮಾರು ಶೇಕಡಾ 15 ಜಾಸ್ತಿ ಸ್ಪೀಡ್ ಇರುತ್ತದೆ, ಮೋಟರೂ ತಣ್ಣಗಿರುತ್ತದೆ. ಹೊಸ ಪಿನಿಯನ್ನಿನ ಪಿಚ್ (ಹಲ್ಲಿನ ಅಳತೆ) ಸ್ಪರ್‌ನದ್ದೇ ಆಗಿರಬೇಕು. 48 ಪಿಚ್ಚಿಗೆ 32 ಕೂರುವುದಿಲ್ಲ. ಮುಂದೆ ಎಂದಾದರೂ ದುಡ್ಡು ಹಾಕುವುದಾದರೆ ಎರಡನ್ನೂ 32ಕ್ಕೆ ಬದಲಿಸಿ. ಹಲ್ಲು ದಪ್ಪ, ಪ್ಲಾಸ್ಟಿಕ್ಕಾದರೂ ಬಾಳಿಕೆ ಬರುತ್ತದೆ.

ಪಿನಿಯನ್ ಬದಲಿಸಿದರೆ ಮೋಟರ್ ಜಾಗವೂ ಬದಲಾಗುತ್ತದೆ, ಮೆಶ್ (ಎರಡು ಗೇರಿನ ಹಲ್ಲು ಕೂಡುವ ಹೊಂದಾಣಿಕೆ) ಹೊಸದಾಗಿ ಕೂರಿಸಬೇಕು. ಎರಡು ಗೇರಿನ ಮಧ್ಯೆ ನೋಟ್‌ಬುಕ್ ಹಾಳೆಯ ಚೂರು ಇಟ್ಟು, ಮೋಟರ್ ಒತ್ತಿ ಸ್ಕ್ರೂ ಬಿಗಿ ಮಾಡಿ, ಹಾಳೆ ಹೊರಳಿಸಿ ತೆಗೆಯಿರಿ. ಆಮೇಲೆ ಸ್ಪರ್ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲ ಕಡೆಯೂ ಕೂದಲೆಳೆಯಷ್ಟು ಆಟ ಇರಬೇಕು. ಪಿನಿಯನ್ನಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಲಿ, ಸ್ಕ್ರೂ ಸಡಿಲವಾಗದಂತೆ ನೀಲಿ ಥ್ರೆಡ್‌ಲಾಕ್ ಅಂಟು ಒಂದು ಹನಿ ಹಾಕಿ. ಪ್ಲಾಸ್ಟಿಕ್ಕಿಗೆ ಮಾತ್ರ ಅದನ್ನು ತಾಗಿಸಬೇಡಿ, ಬಿರುಕು ಬಿಡುತ್ತದೆ. ನನ್ನ ಹತ್ತಿರ ಬರುವ ಹಲ್ಲು ಹೋದ ಸ್ಪರ್‌ಗಳಲ್ಲಿ ಹೆಚ್ಚಿನವು ಮೆಶ್ ಸರಿ ಇಲ್ಲದೆ ಹೋದವೇ.

ಇನ್ನು ಸ್ಲಿಪ್ಪರ್ ಕ್ಲಚ್, ಅಂದರೆ ಹೊಡೆತ ಜಾಸ್ತಿಯಾದಾಗ ತಾನೇ ಜಾರಿ ಗೇರ್ ಉಳಿಸುವ ಭಾಗ. ನಿಂತಲ್ಲಿಂದ ಒಮ್ಮೆಲೇ ಥ್ರಾಟಲ್ ಕೊಟ್ಟಾಗ ಒಂದೆರಡು ಅಡಿ ದೂರ ಸುಯ್ ಎಂದು ಜಾರಿ ಆಮೇಲೆ ಹಿಡಿಯಬೇಕು. ಜಾರದೇ ಇದ್ದರೆ ಹೊಡೆತವೆಲ್ಲ ಹಲ್ಲಿಗೆ. ಸುಮ್ನೆ ಜಾರುತ್ತಲೇ ಇದ್ದರೆ ಬಿಸಿಗೆ ಸ್ಪರ್ ಕರಗುತ್ತದೆ. ಗದ್ದೆಗೆ ಸರಿ ಮಾಡಿದ ಸೆಟ್ಟಿಂಗ್ ಕಣದಲ್ಲಿ ಬಿಗಿಯಾಯಿತು ಅನ್ನಿಸಬಹುದು. ಒಣ ಸಿಮೆಂಟಿನಲ್ಲಿ ಟೈರಿಗೆ ಹಿಡಿತ ಜಾಸ್ತಿ, ಅಲ್ಲಿ ಸ್ವಲ್ಪ ಸಡಿಲಿಸಿ.

ಇನ್ನೊಂದು, ಇದಕ್ಕೆ ಪೈಸೆ ಖರ್ಚಿಲ್ಲ. ಜಂಪ್ ಮಾಡುವಾಗ ನೆಲಕ್ಕೆ ಬೀಳುವ ಮೊದಲೇ ಥ್ರಾಟಲ್ ಬಿಡಿ. ಗಾಳಿಯಲ್ಲಿ ಗಿರ್ರನೆ ತಿರುಗುವ ಚಕ್ರ ನೆಲ ತಾಗಿದ ಕೂಡಲೇ ನಿಂತಂತಾಗುತ್ತದೆ, ಆ ಏಟು ನೇರ ಗೇರಿಗೆ. ಕೊಡಗಿನಲ್ಲಿ ಜೀಪು ಓಡಿಸಿದವರಿಗೆ ಇದು ಗೊತ್ತು. ಕೆಸರಲ್ಲಿ ಸುತ್ತುತ್ತಿದ್ದ ಚಕ್ರ ಸಡನ್ನಾಗಿ ಕಲ್ಲಿಗೆ ಹಿಡಿದಾಗಲೇ ಅಲ್ವಾ ಆಕ್ಸಲ್ ಕಟ್ ಆಗುವುದು?

ಪ್ರಶ್ನೆ (ಸುಂಟಿಕೊಪ್ಪದಿಂದ):
ಸರ್, ನನ್ನದು ಮಧ್ಯೆ ಡಿಫ್ ಇರುವ 1:8 ಬಗ್ಗಿ. ಮುಂದಿನ ಗೇರ್‌ಬಾಕ್ಸಿನಲ್ಲಿ ಟಕ ಟಕ ಸದ್ದು. ಕ್ರೌನ್ ಪಿನಿಯನ್ ಹೊಸದೇ ಹಾಕಿದ್ದೇನೆ.

ಉತ್ತರ:
ಶಿಮ್ (ಸಂದು ತುಂಬುವ ತೆಳು ವಾಷರ್) ಬೇಕು. ಡಿಫನ್ನು ಎಡ ಬಲ ಅಲ್ಲಾಡಿಸಿ ನೋಡಿ. ಆಟ ಇದ್ದರೆ ಲೋಡ್ ಬಿದ್ದಾಗ ಕ್ರೌನ್ ದೂರ ಸರಿದು ಹಲ್ಲು ಹಾರುತ್ತದೆ. ಕ್ರೌನ್ ಹಲ್ಲಿನ ಬೆನ್ನಿನ ಕಡೆ, ಬೇರಿಂಗಿಗೂ ಡಿಫಿಗೂ ನಡುವೆ 0.1 ಮಿಮೀ ಶಿಮ್ ಒಂದೊಂದಾಗಿ ಹಾಕುತ್ತಾ ಹೋಗಿ. ಕೈಯಲ್ಲಿ ತಿರುಗಿಸಿದಾಗ ಗರಗರ ಎಂದು ಬಿಗಿಯಾದರೆ ಒಂದು ತೆಗೆಯಿರಿ. ಹೊಸ ಗೇರಿಗೂ ಇದು ತಪ್ಪಿದ್ದಲ್ಲ.

ಬಿಚ್ಚಿದ್ದೀರಿ ಎಂದ ಮೇಲೆ ಡಿಫ್ ಎಣ್ಣೆಯನ್ನೂ ನೋಡಿಬಿಡಿ. ಎಷ್ಟೋ ರೆಡಿಮೇಡ್ ಗಾಡಿಗಳಲ್ಲಿ ಒಂದು ಚೂರು ಗ್ರೀಸ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಸಿಲಿಕೋನ್ ಎಣ್ಣೆ ಮುಂದೆ 7,000, ಮಧ್ಯೆ 7,000, ಹಿಂದೆ 3,000 (ಅಂಕಿ ಜಾಸ್ತಿಯಾದಷ್ಟೂ ಎಣ್ಣೆ ಮಂದ). ಇಷ್ಟರಿಂದ ಶುರು ಮಾಡಿ, ಓಡಿಸಿ ನೋಡಿ ಬದಲಿಸಿಕೊಳ್ಳಿ. ಮಧ್ಯದ್ದು ತೀರ ತೆಳುವಾದರೆ ಥ್ರಾಟಲ್ ಕೊಟ್ಟಾಗ ಪವರ್ ಎಲ್ಲ ಹಗುರಾದ ಮುಂದಿನ ಚಕ್ರಕ್ಕೆ ಹೋಗಿ, ಟೈರ್ ಬಲೂನಾಗುತ್ತದೆ. ಒಳಗಿನ ಅಡ್ಡ ಪಿನ್ನುಗಳು ಮುಳುಗುವಷ್ಟು ಸಾಕು, ಅಂಚಿನವರೆಗೆ ತುಂಬಿದರೆ ಬಿಸಿಯಾದಾಗ ಸೀಲಿನಿಂದ ಹೊರಗೆ ಬರುತ್ತದೆ.

ಪ್ರಶ್ನೆ (ಗೋಣಿಕೊಪ್ಪಲಿನವರೇ):
ಥ್ಯಾಂಕ್ಸ್ ಅಣ್ಣಾ. ಹಾಗಾದರೆ ಸ್ಟೀಲ್ ಎಲ್ಲೂ ಬೇಡ್ವಾ?

ಉತ್ತರ:
ಆಕ್ಸಲಿಗೆ ಹಾಕಿ, ಅಲ್ಲಿ ಕೊಟ್ಟ ದುಡ್ಡು ದಂಡ ಆಗುವುದಿಲ್ಲ. ಡಾಗ್‌ಬೋನ್ (ಎರಡು ತುದಿಯೂ ಕಪ್ಪಿನಲ್ಲಿ ಸಡಿಲವಾಗಿ ಕೂರುವ ಆಕ್ಸಲ್) ತೆಗೆದು ಸ್ಟೀಲ್ ಸಿವಿಡಿ (ಚಕ್ರದ ತುದಿಯಲ್ಲಿ ಕೀಲು ಇರುವ ಆಕ್ಸಲ್) ಹಾಕಿದರೆ ಚಕ್ರದ ತುದಿಯಲ್ಲಿ ಕಳಚಿ ಬೀಳುವ ಕಾಟ ಇರುವುದಿಲ್ಲ, ಸ್ಟೇರಿಂಗ್ ತಿರುಗಿಸಿದಾಗಲೂ ನಯವಾಗಿ ಸುತ್ತುತ್ತದೆ. ಡಿಫ್ ಕಡೆಯ ಕಪ್ ಕೂಡ ಸ್ಟೀಲೇ ಇರಲಿ. ಅಲ್ಯೂಮಿನಿಯಂ ಕಪ್ಪನ್ನು ಸ್ಟೀಲ್ ಪಿನ್ ಬೇಗ ತಿಂದುಹಾಕುತ್ತದೆ. ಫಳಫಳ ಹೊಳೆಯುವ ಅಲ್ಯೂಮಿನಿಯಂ ಸಸ್ಪೆನ್ಷನ್ ಆರ್ಮ್ ಎಲ್ಲ ಫೋಟೋಗೆ ಚೆನ್ನ. ಪ್ಲಾಸ್ಟಿಕ್ ಬಾಗಿ ಮತ್ತೆ ನೇರ ಆಗುತ್ತದೆ, ಅಲ್ಯೂಮಿನಿಯಂ ಬಾಗಿದರೆ ಬಾಗಿದ್ದೇ.

ಪ್ರಶ್ನೆ (ಮಡಿಕೇರಿಯಿಂದ):
ಮಳೆಗಾಲದಲ್ಲಿ ಬೇರಿಂಗ್ ಉಳಿಯುವುದೇ ಇಲ್ಲ ಸರ್. ಜೀಪ್ ತೊಳೆಯುವ ಪಂಪಿನಲ್ಲೇ ಚೆನ್ನಾಗಿ ತೊಳೆಯುತ್ತೇನೆ.

ಉತ್ತರ:
ಆ ಪಂಪೇ ಕಾರಣ. ಪ್ರೆಶರ್‌ಗೆ ಬೇರಿಂಗಿನ ಗ್ರೀಸ್ ಹೊರಗೆ, ಕೆಸರು ನೀರು ಒಳಗೆ. ಕೆಸರು ಒಣಗಲು ಬಿಟ್ಟು ಬ್ರಷ್‌ನಲ್ಲಿ ಉದುರಿಸಿ. ಒದ್ದೆಯಾದರೆ ಚಕ್ರ ಬಿಚ್ಚಿ ಬೇರಿಂಗಿಗೆ ಡಬ್ಲ್ಯೂಡಿ-40 ಹೊಡೆದು ನೀರು ಓಡಿಸಿ, ಆದರೆ ಅಷ್ಟಕ್ಕೇ ಬಿಡಬೇಡಿ, ಆಮೇಲೆ ಎಣ್ಣೆಯೋ ಗ್ರೀಸೋ ಹಾಕಲೇಬೇಕು. ಹೊಸದು ತರುವಾಗ ರಬ್ಬರ್ ಸೀಲಿನದ್ದು ಕೇಳಿ. ಲೋಹದ ಮುಚ್ಚಳದ್ದು ಹಗುರಾಗಿ ತಿರುಗುತ್ತದೆ ನಿಜ, ಆದರೆ ಜೂನ್ ತಿಂಗಳ ಮಡಿಕೇರಿಗೆ ಅದು ಆಗುವುದಿಲ್ಲ. ಗದ್ದೆಯಲ್ಲಿ ಓಡಿಸುವವರು ಆಕ್ಸಲಿಗೆ ಸುತ್ತಿಕೊಂಡ ಹುಲ್ಲನ್ನೂ ಪ್ರತಿ ಸಲ ಕತ್ತರಿಸಿ ತೆಗೆಯಿರಿ. ಅದು ಸೀಲಿನೊಳಗೆ ನುಗ್ಗಿದರೆ ರಬ್ಬರ್ ಬೇರಿಂಗೂ ಹೋಗುತ್ತದೆ.