ಸಹಾಯ ಬೇಕು: ಬೆನ್ನಿನ ಡಿಸ್ಕ್ ಸವೆತದ ಟ್ರಯಲ್‌ಗೆ (ಹೊಸ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಅಧ್ಯಯನ) ಸೇರಿದವರು ಯಾರಾದ್ರೂ ಇದ್ದೀರಾ?

ನಮಸ್ಕಾರ. ನಮ್ಮದು ಸಿಂಧನೂರು. ಅಣ್ಣ ರೈಸ್ ಮಿಲ್‌ನಲ್ಲಿ ಹಮಾಲಿ. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ಹತ್ತಿರ ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ ಅಂತ ಬಂದಿದೆ. ಕಾಲಲ್ಲಿ ಶಕ್ತಿ ಇದೆ, ಮೂತ್ರದ ತೊಂದರೆ ಇಲ್ಲ, ಹಾಗಾಗಿ ಆಪರೇಷನ್ ಈಗ ಬೇಡ, ವ್ಯಾಯಾಮ ಮಾಡಿ ಎಂದಿದ್ದಾರೆ ಡಾಕ್ಟರ್. ಆದರೆ ಮೂಟೆ ಹೊರುವವನು ಮನೇಲಿ ಸುಮ್ನೆ ಕೂತರೆ ಊಟ ಎಲ್ಲಿಂದ?

ಈಗ ಒಬ್ಬರು ಬೆನ್ನು ಹತ್ತಿದ್ದಾರೆ. ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಇಂಜೆಕ್ಷನ್ ಕೊಟ್ಟರೆ ಡಿಸ್ಕ್ ಮತ್ತೆ ಬೆಳೆಯುತ್ತದೆ, ಇದು ರಿಸರ್ಚ್, ಲಕ್ಷಗಟ್ಟಲೆ ಆಗುತ್ತದೆ ಅಂತ. ರಿಸರ್ಚ್ ಆದರೆ ರೋಗಿ ಯಾಕೆ ದುಡ್ಡು ಕೊಡಬೇಕು? ಐಸಿಎಂಆರ್‌ನ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಇಂಥದ್ದನ್ನು ಅನುಮತಿ ಪಡೆದ ಟ್ರಯಲ್‌ನಲ್ಲಿ ಮಾತ್ರ ಕೊಡಬಹುದು. ಮೆಸೋಬ್ಲಾಸ್ಟ್ ಅನ್ನೋ ವಿದೇಶಿ ಕಂಪನಿ ಡಿಸ್ಕ್‌ಗೆ ಇಂಥದ್ದೇ ಕೋಶಗಳ ಇಂಜೆಕ್ಷನ್ ಕೊಟ್ಟು 404 ಜನರ ಮೇಲೆ ಮಾಡಿದ ಮೂರನೇ ಹಂತದ ಟ್ರಯಲ್ ಕೂಡ ಮುಖ್ಯ ಗುರಿ ಮುಟ್ಟಲಿಲ್ಲ. ನೋವು ಶುರುವಾಗಿ ಜಾಸ್ತಿ ವರ್ಷ ಆಗದವರಲ್ಲಿ ಸ್ವಲ್ಪ ಒಳ್ಳೆ ಫಲಿತಾಂಶ ಕಂಡಿತು, ಅಷ್ಟೇ.

ಅಣ್ಣನಿಗೆ ನಿಜವಾದ ಟ್ರಯಲ್ ಆದರೆ ಸೇರುವ ಮನಸ್ಸಿದೆ. 2009ರಿಂದ ಎಲ್ಲ ಟ್ರಯಲ್‌ಗಳೂ ಸಿಟಿಆರ್‌ಐನಲ್ಲಿ (ಭಾರತದ ಟ್ರಯಲ್‌ಗಳ ಸರ್ಕಾರಿ ಆನ್‌ಲೈನ್ ಪಟ್ಟಿ) ನೋಂದಣಿ ಆಗಲೇಬೇಕು, ಅಲ್ವಾ? ಅಲ್ಲಿ ಹುಡುಕಿ ಅರ್ಥ ಮಾಡಿಕೊಳ್ಳೋಕೆ ಬರುವವರು ಸಹಾಯ ಮಾಡಿ. ಬೆಂಗಳೂರು ಅಥವಾ ಹೈದರಾಬಾದ್‌ನಲ್ಲಿ (ನಮಗೆ ಹೈದರಾಬಾದೇ ಹತ್ತಿರ) ಸೇರಿದವರಿದ್ದರೆ ಹೇಳಿ: ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಟ್ಟರಾ, ಬಸ್ ಖರ್ಚು ಕೊಟ್ಟರಾ, ಹೋಲಿಸಿ ನೋಡೋಕೆ ಔಷಧಿ ಬದಲು ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಡುವ ಗುಂಪಿಗೆ ಬಿದ್ದರೆ ಮುಂದೆ ಏನು ಮಾಡಿದರು? ಎಣ್ಣೆ, ಪಟ್ಟಿ, ನಾಟಿ ಔಷಧಿ ಸಲಹೆ ದಯವಿಟ್ಟು ಬೇಡ, ಅವೆಲ್ಲ ಮನೇಲಿ ತುಂಬಿವೆ.